ಬೊಮ್ರಾಸಪೇಟಿನ ಸಭೆ, ಕಾಕಾ ಬರೆದಿಟ್ಟ ಹೆಸರುಗಳು

ಬೊಮ್ರಾಸಪೇಟ್ ಈಗ ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ಮಂಡಲ ಕೇಂದ್ರ, ಕೊಡಂಗಲ್ ಸೀಮೆಯ ಊರು. ಸುತ್ತೆಲ್ಲ ಜೋಳ, ತೊಗರಿಯ ಹೊಲಗಳು. ಪಕ್ಕದ ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಸಂತೆಯಲ್ಲಿ ತೆಲುಗು, ನಮ್ಮಂಥ ಕೆಲವು ಮನೆಗಳಲ್ಲಿ ಕನ್ನಡ, ನಿಜಾಮರ ಕಾಲದ ಕಂದಾಯ ಕಾಗದಗಳಲ್ಲಿ ಉರ್ದು.

ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಗುಲ್ಬರ್ಗಾ ಮೈಸೂರಿಗೆ ಹೋಯಿತು, ಈ ಎರಡು ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಬಂದವು. ಕೊಡಂಗಲ್ ಮಹಬೂಬನಗರಕ್ಕೆ ಸೇರಿತು. 2016ರಲ್ಲಿ ನಾವು ವಿಕಾರಾಬಾದಿನವರಾದೆವು. ಸರ್ಕಾರಿ ಕಡತದಲ್ಲಿ ನಮ್ಮ ಊರಿನ ಚರಿತ್ರೆ ಇಷ್ಟಕ್ಕೇ ಮುಗಿಯುತ್ತದೆ.

ಉಳಿದದ್ದು ಒಬ್ಬರ ಕೈಯಲ್ಲಿತ್ತು. ಹೋದ ವರ್ಷ ತೀರಿಕೊಂಡ ಅವರು ನಮ್ಮಪ್ಪನ ಜೊತೆಗಾರರು, ಊರಿನ ಕ್ರೈಸ್ತ ಸಭೆಯ ಹಿರಿಯರು. ಮನೆಮಂದಿಗೆಲ್ಲ ಅವರು ಕಾಕಾ. ಊರಲ್ಲಿ ಯಾರೇ ಪ್ರಭುವಿನಲ್ಲಿ ನಿದ್ರೆ ಹೋದರೂ ಕುಣಿ ತೋಡಿಸುವುದರಿಂದ ಹಿಡಿದು ಮಣ್ಣು ಹಾಕುವವರೆಗೆ ಕಾಕಾ ಅಲ್ಲೇ ನಿಂತಿರುತ್ತಿದ್ದರು. ಪ್ರಾರ್ಥನೆ ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ. ಮನೆಗೆ ಬಂದು ಕೈಕಾಲು ತೊಳೆದವರೇ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕ ತೆಗೆಯುತ್ತಿದ್ದರು. ಸತ್ತವರ ಹೆಸರು, ತಂದೆಯ ಹೆಸರು, ಊರು, ಹಾಡಿದ ಕೀರ್ತನೆ, ಇಷ್ಟನ್ನೂ ಬರೆದು ಶಾಯಿ ಆರುವವರೆಗೆ ಕಾದು ಮುಚ್ಚುತ್ತಿದ್ದರು.

"ನೆನಪಿಗೇನ್ ಭರವಸಾ ಅದ ತಮ್ಮಾ? ಬರ್ದಿಟ್ರ ಮೊಮ್ಮಕ್ಕಳು ಹುಡುಕ್ತಾರ," ಎನ್ನುತ್ತಿದ್ದರು.

ಆ ಪುಸ್ತಕವನ್ನು ಶುರು ಮಾಡಿದವರು ಅವರ ತಂದೆ. ಮೊದಲ ಹಾಳೆಗಳ ನೆತ್ತಿಯಲ್ಲಿ ಜಿಲ್ಲೆ ಗುಲ್ಬರ್ಗಾ ಎಂದಿದೆ. 1956 ದಾಟಿದ ಮೇಲೂ ಅವರು ಅದನ್ನು ತಿದ್ದಿಲ್ಲ. ಕಾಕಾನ ಕೈಬರಹ ಶುರುವಾದ ಮೇಲೆಯೇ ಮಹಬೂಬನಗರ ಬರುತ್ತದೆ. 1956ರ ನಂತರವೂ ಗುಲ್ಬರ್ಗಾ ಎಂದೇ ಬರೆದದ್ದು ತಪ್ಪು ದಾಖಲೆ ಎಂದು ಸಭೆಯಲ್ಲೇ ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಬೀಗರು, ಬೀಜದ ಜೋಳ, ಸತ್ಯವೇದ, ಎಲ್ಲವೂ ಗುಲ್ಬರ್ಗಾ ಕಡೆಯಿಂದ ಬರುತ್ತಿದ್ದ ಮನುಷ್ಯ ತನ್ನ ಜಿಲ್ಲೆ ಯಾವುದೆಂದು ತಿಳಿದೇ ಬರೆದಿದ್ದಾನೆ. ಕನ್ನಡ ಶಾಲೆ ಕೈತಪ್ಪಿದ ಮೇಲೆ ಇಲ್ಲಿಯ ಮಕ್ಕಳಿಗೆ ಆ ಅಕ್ಷರ ಓದಲು ಬಾರದೆ ಹೋದದ್ದು ನಿಜವಾದ ನಷ್ಟ. ಅದನ್ನು ಕೇಳುವವರೇ ಇಲ್ಲ.

ಪುಸ್ತಕದ ಕೊನೆಯಲ್ಲಿ ಧಾರೂರು ಜಾತ್ರೆಯ ಲೆಕ್ಕವಿದೆ. ವಿಕಾರಾಬಾದ್–ತಾಂಡೂರು ರೈಲು ಹಾದಿಯ ಧಾರೂರಿನಲ್ಲಿ ಮೆಥೋಡಿಸ್ಟ್ ಸಭೆಯ ಈ ಜಾತ್ರೆ 1923ರಲ್ಲಿ ಶುರುವಾಯಿತು. ಪ್ರತಿ ನವೆಂಬರಿನಲ್ಲಿ ತೆಲಂಗಾಣದವರ ಜೊತೆ ಬೀದರ್, ಕಲಬುರಗಿ ಕಡೆಯ ಕುಟುಂಬಗಳೂ ಬಂದು ಗಿಡಗಳ ನಡುವೆ ಡೇರೆ ಹಾಕುತ್ತವೆ. ಯಾರ ಬಂಡಿಯಲ್ಲಿ ಯಾರು ಕೂತರು, ಯಾರ ಮನೆಯಿಂದ ಎಷ್ಟು ಜೋಳದ ಹಿಟ್ಟು ಬಂತು, ಯಾವ ಮಗುವಿಗೆ ಜ್ವರ ಬಂದು ಅರ್ಧ ದಾರಿಯಿಂದ ಹಿಂದಿರುಗಿದರು, ಕಾಕಾ ಎಲ್ಲವನ್ನೂ ಬರೆದಿದ್ದಾರೆ. ಹೊಲ ಇಲ್ಲದ, ಪಹಣಿಯಲ್ಲಿ ಹೆಸರಿಲ್ಲದ ಎಷ್ಟೋ ಕೂಲಿಯವರು ಬದುಕಿದ್ದರೆನ್ನಲು ಈ ಲೆಕ್ಕವೊಂದೇ ಸಾಕ್ಷಿ.

ಅದೇ ಪುಸ್ತಕದಲ್ಲಿ ಕಾಕಾನ ಹೆಸರನ್ನು ಅವರ ಮಗಳು ತೆಲುಗಿನಲ್ಲಿ ಬರೆದಳು, ಅದರ ಕೆಳಗೆ ನಾನು ಕನ್ನಡದಲ್ಲಿ ಬರೆದೆ. ಹಾಳೆಗಳು ಪುಡಿಯಾಗುವ ಮೊದಲು ಎಲ್ಲವನ್ನೂ ಫೋಟೋ ತೆಗೆದಿಟ್ಟಿದ್ದೇವೆ. ಇಂಥ ಪುಸ್ತಕಗಳು ತಾಂಡೂರು, ಜಹೀರಾಬಾದ್, ನಾರಾಯಣಖೇಡ ಕಡೆಯ ಸಭೆಗಳ ಪೆಟ್ಟಿಗೆಗಳಲ್ಲೂ ಇರಬಹುದು. ಇದ್ದರೆ ಬರುವ ಜಾತ್ರೆಗೆ ತನ್ನಿ. ಕನ್ನಡ ಓದಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಕೂತು ಓದಿಸಿ, ತೆಲುಗಿಗೂ ಇಳಿಸಿ, ಒಂದೊಂದು ಪ್ರತಿ ಮಾಡಿಕೊಳ್ಳೋಣ.