ಮಡಿಕೇರಿಯ ದಸರೆಯೂ ಹಾಲೇರಿ ಅರಸರ ಗದ್ದಿಗೆಯೂ

ಮೂರ್ನಾಡಿನಿಂದ ಮಡಿಕೇರಿಗೆ ಸುಮಾರು 15 ಕಿಲೋಮೀಟರುಗಳ ಬೆಟ್ಟದ ದಾರಿ. ಕೈಲ್‌ಪೊಳ್ದು, ಹುತ್ತರಿಗಳನ್ನು ಮನೆಯಲ್ಲಿ, ಊರ ಮಂದಿನಲ್ಲಿ ಆಚರಿಸುವ ಈ ಸೀಮೆಯ ಜನ ವಿಜಯದಶಮಿಯ ದಿನ ಮಾತ್ರ ಪಟ್ಟಣದತ್ತ ಹೊರಡುತ್ತಾರೆ. ಸಂಜೆ ರಾಜಾಸೀಟಿನಲ್ಲಿ ಸೂರ್ಯಾಸ್ತವನ್ನು ನೋಡಿ, ಓಂಕಾರೇಶ್ವರನಿಗೆ ಕೈಮುಗಿದು, ಬಳಿಕ ಬೆಳಗಾಗುವವರೆಗೆ ಬೀದಿಯಲ್ಲಿ ನಿಂತು ದಶಮಂಟಪಗಳನ್ನು ನೋಡುವುದು ವಾಡಿಕೆ. ಹೀಗೆ ಬಂದವರಲ್ಲಿ ಗದ್ದಿಗೆಯ ಕಡೆಗೆ ಹೊರಳುವವರು ಕಡಮೆ. ನೋಡುವ ತಾಣಗಳನ್ನೆಲ್ಲ ಉಳಿಸಿಹೋದ ಅರಸರು ಮಲಗಿರುವುದು ಅಲ್ಲಿಯೇ.

ಹಾಲೇರಿಯ ಅರಸರು ವೀರಶೈವರೆಂಬುದು ವಾಚಕರಿಗೆ ವಿದಿತವೇ ಆಗಿದೆ. ಮುದ್ದುರಾಜನು 1681ರಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದನು, ಮುದ್ದುರಾಜಕೇರಿಯೇ ಮಡಿಕೇರಿಯಾಯಿತು. ದೊಡ್ಡವೀರರಾಜೇಂದ್ರನು ಬರೆಯಿಸಿದ ‘ರಾಜೇಂದ್ರನಾಮೆ’ಯು 1633ರಿಂದ 1807ರವರೆಗಿನ ವಂಶವೃತ್ತಾಂತವನ್ನು ಕನ್ನಡ ಗದ್ಯದಲ್ಲಿ ಹೇಳುತ್ತದೆ. ನಮ್ಮ ಸಾಹಿತ್ಯ ವಿದ್ಯಾರ್ಥಿಗಳು ಇದನ್ನು ಚರಿತ್ರೆಯ ಆಕರವೆಂದಷ್ಟೇ ಬಗೆದು ಬದಿಗಿಡುತ್ತಿರುವುದು ಖೇದಕರ. ಓಂಕಾರೇಶ್ವರ ದೇವಾಲಯವು 1820ರಲ್ಲಿ ಲಿಂಗರಾಜೇಂದ್ರನು ಕಟ್ಟಿಸಿದುದು. ನಡುವೆ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ಮಿನಾರುಗಳು, ಎದುರಿಗೆ ಕೊಳ. ಹೊರಗಿನಿಂದ ನೋಡಿದವನು ಇದನ್ನು ಶಿವಾಲಯವೆಂದು ಹೇಳಲಾರ. ಗದ್ದಿಗೆಯ ರೂಪವೂ ಇಂಥದೇ. ಗುಮ್ಮಟದಡಿ ದೊಡ್ಡವೀರರಾಜೇಂದ್ರನೂ ಅವನ ರಾಣಿ ಮಹಾದೇವಮ್ಮಾಜಿಯೂ, ಇನ್ನೊಂದರಲ್ಲಿ ಲಿಂಗರಾಜೇಂದ್ರನೂ ಇದ್ದಾರೆ. ಮುಸಲ್ಮಾನ ಶೈಲಿಯ ಈ ಕಟ್ಟಡಗಳ ಮೂಲೆಗಳಲ್ಲಿ ನಂದಿಗಳು ಕುಳಿತಿವೆ. ಟಿಪ್ಪುವಿನೊಡನೆ ಹೋರಾಡಿದ ಅರಸನೇ ಅವನ ನಾಡಿನ ಶಿಲ್ಪಕ್ರಮವನ್ನು ತನ್ನ ಸಮಾಧಿಗೆ ಒಪ್ಪಿಕೊಂಡನೆಂಬುದು ಆಲೋಚಿಸತಕ್ಕ ಸಂಗತಿ.

ಇನ್ನು ದಸರೆಯ ವಿಷಯ. ಊರಿಗೆ ಸಾಂಕ್ರಾಮಿಕ ರೋಗ ಬಂದಾಗ ಮಾರಿಯಮ್ಮನಿಗೆ ಹರಕೆ ಹೊತ್ತು ಕರಗವನ್ನು ಆರಂಭಿಸಿದರೆಂದು ಪ್ರತೀತಿ. ಮಹಾಲಯ ಅಮಾವಾಸ್ಯೆಯ ಮರುದಿನ ಪಂಪಿನಕೆರೆಯಿಂದ ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕೋಟೆ ಮಾರಿಯಮ್ಮ ಎಂಬ ನಾಲ್ಕು ಶಕ್ತಿದೇವತೆಗಳ ಕರಗಗಳು ಹೊರಡುತ್ತವೆ. ಕೊನೆಯ ರಾತ್ರಿ ಹತ್ತು ದೇವಾಲಯಗಳ ಮಂಟಪಗಳು ಪುರಾಣದ ಒಂದೊಂದು ಕಥೆಯನ್ನು ಹೊತ್ತು ಸಾಗುತ್ತವೆ. ಈಚೆಗೆ ದೀಪಗಳ ಬೆಡಗು, ಯಂತ್ರಚಾಲಿತ ಬೊಂಬೆಗಳ ಅಬ್ಬರ ಹೆಚ್ಚಿ, ಕರಗದ ಸರಳತೆ ಅದರಲ್ಲಿ ಮರೆಯಾಗುವಂತೆ ನಮಗೆ ತೋರುತ್ತದೆ. ಮಕ್ಕಳಿಗೆ ಹಾಗೆ ತೋರುವುದಿಲ್ಲವೆಂಬುದೂ ನಿಜ.

ಮೈಸೂರಿನ ದಸರೆ ಸಿಂಹಾಸನವನ್ನೂ ಅಂಬಾರಿಯನ್ನೂ ನೆಚ್ಚಿ ಬೆಳೆಯಿತು. 1971ರಲ್ಲಿ ರಾಜಧನ ರದ್ದಾದ ಮೇಲೆ ಅಂಬಾರಿಯಲ್ಲಿ ಅರಸನ ಸ್ಥಾನಕ್ಕೆ ಚಾಮುಂಡೇಶ್ವರಿಯನ್ನು ತರಬೇಕಾಯಿತು. ಮಡಿಕೇರಿಯಲ್ಲಾದರೋ ಸಿಂಹಾಸನವು 1834ರಲ್ಲಿಯೇ ಹೋಯಿತು. ಇಂಗ್ಲಿಷರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಾಶಿಗೆ ಕಳುಹಿಸಿದರು. ಆದರೂ ಇಲ್ಲಿನ ಹಬ್ಬ ನಿಲ್ಲಲಿಲ್ಲ. ಅದು ಅರಮನೆಯ ಚಾವಡಿಯಲ್ಲಿರದೆ ಕೇರಿಕೇರಿಯ ಮಾರಿಗುಡಿಗಳಲ್ಲಿದ್ದುದೇ ಇದಕ್ಕೆ ಕಾರಣವೆಂದು ನಮ್ಮ ಎಣಿಕೆ. ಅರಸರನ್ನು ಮರೆಯುವುದು ಜನಕ್ಕೆ ಸುಲಭವಾದುದೂ ಬಹುಶಃ ಇದರಿಂದಲೇ.

ಗದ್ದಿಗೆಯ ಬಳಿಯಲ್ಲಿ, ಟಿಪ್ಪುವಿನ ಸೈನ್ಯದೊಡನೆ ಕಾದಿ ಮಡಿದ ಬಿದ್ದಂಡ ಬೋಪು ಎಂಬ ಕೊಡವ ದಳಪತಿಯ ಸಮಾಧಿಯೂ ಇದೆ. ಅರಸರು ತಮ್ಮ ಸೇವಕನಿಗೆ ತಮ್ಮ ಪಕ್ಕದಲ್ಲಿ ಎಡೆಯಿತ್ತರು. ಆದರೆ ಆ ವಂಶದ ಕೊನೆಯ ಅರಸನಿಗೆ ಅಲ್ಲಿ ಎಡೆಯಿಲ್ಲ. ಕಾಶಿಯಿಂದ 1852ರಲ್ಲಿ ಮಗಳು ಗೌರಮ್ಮನೊಡನೆ ಲಂಡನ್ನಿಗೆ ಹೋದ ಚಿಕ್ಕವೀರರಾಜೇಂದ್ರನು, ಕೊಡಗಿಗೆ ಮರಳದೆ 1859ರಲ್ಲಿ ಅಲ್ಲಿಯೇ ತೀರಿಕೊಂಡನು.