ತಾರ್ಲೆ ಯಾಕೆ ತಾಮಸ?

ಭಟ್ಕಳ, ಹೊನ್ನಾವರ, ಕುಮಟೆಯ ದಡದಲ್ಲಿ ನಾವು ಗಂಜಿಗೆ ತಾರ್ಲೆ, ಬಂಗಡೆ ನಂಚಿಕೊಂಡು ಬೆಳೆದವರು. ಮಳೆಗಾಲಕ್ಕೆ ಒಣಮೀನು, ಅಘನಾಶಿನಿಯ ನೀರಿಳಿದಾಗ ಅವ್ವಂದಿರು ಹೆಕ್ಕಿ ತಂದ ಬಳಚು. ಗಂಜಿ ಹೊಟ್ಟೆ ತುಂಬಿಸಿತು, ಮೈಗೆ ಪ್ರೋಟೀನು ಕೊಟ್ಟದ್ದು ಮೀನು.

ಇದನ್ನೇ ತಾಮಸ ಅಂದರು, ಆಯುರ್ವೇದದ ಹೆಸರು ಹೇಳಿದರು. ನಾಲ್ಕಕ್ಷರ ಕಲಿತು ನಾವೇ ಪುಟ ತೆರೆದೆವು. ಚರಕಸಂಹಿತೆಯ ಸೂತ್ರಸ್ಥಾನ, 27ನೇ ಅಧ್ಯಾಯ: ಆಹಾರ 12 ವರ್ಗ, ಧಾನ್ಯ, ಬೇಳೆಗಳ ಬೆನ್ನಿಗೇ ಮಾಂಸವರ್ಗ. ಮೀನು ಬಲ ಕೊಡುತ್ತದೆ, ಮೈ ತುಂಬಿಸುತ್ತದೆ ಎಂದಿದೆ. ದನದ ಮಾಂಸ ಯಾವ ರೋಗಕ್ಕೆ ಹಿತ ಎಂದೂ ಇದೆ.

ಊಟಕ್ಕೆ ತಾಮಸ ಎಂಬ ಮಾತು ಗೀತೆಯ 17ನೇ ಅಧ್ಯಾಯದ್ದು. ಅಲ್ಲಿ ಮೀನಿನ ಹೆಸರಿಲ್ಲ. ಹಳಸಿದ್ದು, ಎಂಜಲು ತಾಮಸ ಎಂದಿದೆ. ಆ ಎಂಜಲನ್ನು ಹಿತ್ತಿಲಲ್ಲಿ ನಿಲ್ಲಿಸಿ ನಮಗೆ ನೀಡಿದವರು ಯಾರು?

2021ರಲ್ಲಿ ಶಾಲೆಯೂಟಕ್ಕೆ ಮೊಟ್ಟೆ ಬಂದಾಗಲೂ ಕೆಲವು ಮಠಗಳು ಬೇಡ ಅಂದವು. ನಮ್ಮ ತಟ್ಟೆಗೆ ಚರಕನ ರುಜು ಬೇಕಿಲ್ಲ. ಅವನ ಹೆಸರಲ್ಲಿ ಹೇಳಿದ ಸುಳ್ಳಿಗೆ ಲೆಕ್ಕ ಕೊಡಿ, ಸಾಕು.