ಖಾಲಿ ತೋಟೆಯ ಲೆಕ್ಕ

ಕನ್ನಡದಲ್ಲಿ ‘ಮದ್ದು’ ಎಂದರೆ ಔಷಧಿಯೂ ಹೌದು, ಕೋವಿಗೆ ತುಂಬುವ ಪುಡಿಯೂ ಹೌದು. ಪೆಟ್ಲುಪ್ಪು, ಗಂಧಕ, ಇದ್ದಿಲು ಈ ಮೂರನ್ನು ಅರೆದು ಬೆರೆಸುವ ಕೆಲಸ ನೋಡುವವರಿಗೆ ನಾಟಿ ಪಂಡಿತರ ಕೆಲಸದಂತೆಯೇ ಕಂಡಿರಬೇಕು. ‘ಪೆಟ್ಲು’ ಎಂದರೆ ಕೋವಿ. ಅದಕ್ಕೆ ಬೇಕಾದ ಉಪ್ಪು ಪೆಟ್ಲುಪ್ಪು. ಕುವೆಂಪು, ತೇಜಸ್ವಿ ಅವರನ್ನು ಓದಿದವರಿಗೆ ಈಡು, ಕೇಪು, ಚರೆ, ಗಜ ಇವೆಲ್ಲ ಪರಿಚಿತ ಪದಗಳು. ಇಷ್ಟೊಂದು ಪದಗಳಿದ್ದ ಭಾಷೆಯಲ್ಲಿ ಮನೆಯಲ್ಲಿ ತೋಟೆ ತುಂಬುವುದು ಹೇಗೆಂದು ಹೊಸಬರಿಗೆ ಹೇಳಿಕೊಡುವ ಪುಸ್ತಕ ನನ್ನ ಕಣ್ಣಿಗೆ ಒಂದೂ ಬಿದ್ದಿಲ್ಲ. ಇಂಗ್ಲಿಷಿನಲ್ಲಿ ಅಂಥವು ಕಪಾಟುಗಟ್ಟಲೆ ಇವೆ. ಈ ವ್ಯತ್ಯಾಸ ಹೇಗಾಯಿತು ಎಂಬುದೇ ನನ್ನ ಪ್ರಶ್ನೆ.

ನಾನಿರುವುದು ಪೀಣ್ಯದಲ್ಲಿ, ಪ್ರೆಸ್ಸುಗಳ ಸದ್ದಿಗೇ ಬೆಳಗಾಗುವ ಒಂದು ಬೀದಿಯಲ್ಲಿ. ಇಲ್ಲಿನ ಕೆಲಸಗಾರರು 70 ಪಾಲು ತಾಮ್ರ, 30 ಪಾಲು ಸತು ಬೆರೆತ ಹಿತ್ತಾಳೆಯನ್ನು ‘ಕಾರ್ಟ್ರಿಜ್ ಬ್ರಾಸ್’ ಎನ್ನುತ್ತಾರೆ. ಹರಿಯದೆ, ಸೀಳದೆ ಬಟ್ಟಲಿನಂತೆ, ಆಮೇಲೆ ಕೊಳವೆಯಂತೆ ಎಳೆಸಿಕೊಳ್ಳುವ ಲೋಹ ಅದು. ಅದರಿಂದ ಇಲ್ಲಿ ಎಳೆಯುವುದು ವಿದ್ಯುತ್ ಉಪಕರಣದ ಬಿಡಿಭಾಗಗಳನ್ನು, ಟೋಪಿಗಳನ್ನು, ಬುಷ್‌ಗಳನ್ನು. ತೋಟೆಯನ್ನಲ್ಲ. ಹೆಸರು ಮಾತ್ರ ಹಾಗೇ ಉಳಿದಿದೆ.

ಲೋಹದ ತೋಟೆಯಲ್ಲಿ ಇರುವುದು ನಾಲ್ಕೇ ವಸ್ತು: ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಕುದುರೆ ಬಿದ್ದಾಗ ಕೇಪು ಸಿಡಿದು ಮದ್ದು ಹತ್ತಿಕೊಳ್ಳುತ್ತದೆ; ಅನಿಲದ ಒತ್ತಡಕ್ಕೆ ಹಿತ್ತಾಳೆ ಹಿಗ್ಗಿ ನಳಿಗೆಯ ಗೋಡೆಗೆ ಅಂಟಿ, ಹೊಗೆ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ; ಒತ್ತಡ ಇಳಿದೊಡನೆ ತುಸು ಕುಗ್ಗಿ ಸಡಿಲವಾಗುತ್ತದೆ. ಗುಂಡು ಹೋಯಿತು, ಮದ್ದು ಉರಿಯಿತು, ಕೇಪು ಸತ್ತಿತು. ಆದರೆ ನಾಲ್ಕರಲ್ಲಿ ತಯಾರಿಸಲು ಹೆಚ್ಚು ಕಷ್ಟಪಟ್ಟ ಕೋಶ ಹಾಗೇ ಉಳಿಯಿತು. ಹಳೆಯ ಕೇಪು ತಳ್ಳಿ, ಕೋಶವನ್ನು ಮೊದಲಿನ ಅಳತೆಗೆ ಒತ್ತಿ, ಹೊಸ ಕೇಪು, ಮದ್ದು, ಗುಂಡು ಕೂರಿಸಿದರೆ ಅದು ಮತ್ತೆ ತೋಟೆ. ಮನೆಯಲ್ಲಿ ತೋಟೆ ತುಂಬುವ ವಿದ್ಯೆಯೆಲ್ಲ ನಿಂತಿರುವುದು ಉಳಿಯುವ ಈ ಹಿತ್ತಾಳೆಯ ಮೇಲೆ.

ಲೋಹದ ತೋಟೆಗೂ ಮೊದಲು ಪ್ರತಿಯೊಂದು ಈಡೂ ಕೈಯಲ್ಲೇ ತುಂಬಿದ್ದು. ಮಲೆನಾಡಿನ ಕೇಪಿನ ಕೋವಿಗೆ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಚರೆಯನ್ನೋ ಗುಂಡನ್ನೋ ಹಾಕಿ ಮತ್ತೆ ಜಡಿಯುತ್ತಿದ್ದರು. ಸಿಪಾಯಿಗಳಿಗೆ ಅಳತೆ ತಪ್ಪದಿರಲೆಂದು ಮದ್ದು, ಗುಂಡು ಎರಡನ್ನೂ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು. 1853ರ ಮಾದರಿಯ ಎನ್‌ಫೀಲ್ಡ್ ಕೋವಿಯ ಆ ಕಾಗದದ ತೋಟೆ 1857ರಲ್ಲಿ ಏನು ಮಾಡಿತೆಂದು ಶಾಲೆಯಲ್ಲೇ ಓದಿದ್ದೇವೆ. ನಾವು ಕೊಬ್ಬಿನ ಕಥೆ ಓದಿ ಅಲ್ಲಿಗೇ ನಿಲ್ಲಿಸುತ್ತೇವೆ. ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ. ತನ್ನ ಬಾಯಿಗೆ ಬರುವ ತೋಟೆಯನ್ನು ಯಾರು, ಎಲ್ಲಿ, ಏನು ಹಾಕಿ ಮಾಡಿದರು ಎಂದು ಸಿಪಾಯಿಗೆ ಗೊತ್ತಿರಲಿಲ್ಲ.

ಮುಂದಿನ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಎರಡು ಕೆಲಸ ಜೊತೆಜೊತೆಗೇ ನಡೆದವು. 1860ರಲ್ಲಿ ಜನರ ಆಯುಧಗಳನ್ನು ಕಸಿಯುವ ಕಾನೂನು ಬಂತು. 1878ರಲ್ಲಿ ಲಿಟ್ಟನ್ ಕಾಲದ ಶಸ್ತ್ರ ಕಾಯ್ದೆ ಅದನ್ನು ಬಿಗಿಗೊಳಿಸಿತು. ಇತ್ತ 1866ರ ಸುಮಾರಿಗೆ ವುಲಿಚ್ ಶಸ್ತ್ರಾಗಾರದಲ್ಲಿ ಎಡ್ವರ್ಡ್ ಬಾಕ್ಸರ್ ಸ್ನೈಡರ್ ಕೋವಿಗೆ ಹಿತ್ತಾಳೆಯ ತೋಟೆ ರೂಪಿಸಿದ. ಗೋರಾ ಪಲ್ಟನ್‌ಗಳಿಗೆ ಸ್ನೈಡರ್ ಬಂದಾಗಲೂ ದೇಶಿ ಪಲ್ಟನ್‌ಗಳ ಕೈಯಲ್ಲಿ ಬಾಯಿಂದ ತುಂಬುವ ಕೋವಿಯೇ ಇತ್ತು. ಒಂದು ತಲೆಮಾರು ಹಿಂದಿನ ಆಯುಧವೇ ಸಾಕು ಎಂಬುದು 1857ರ ಪಾಠ. 1869ರಲ್ಲಿ ಪುಣೆಯ ಖಡಕಿಯಲ್ಲಿ ಮದ್ದುಗುಂಡಿನ ಕಾರ್ಖಾನೆ ಶುರುವಾಯಿತು. ಮದ್ದನ್ನು ಹಳ್ಳಿಯಲ್ಲಿ ಅರೆಯಬಹುದು, ಸೀಸವನ್ನು ಒಲೆಯ ಮೇಲೆ ಕರಗಿಸಬಹುದು. ಹಿತ್ತಾಳೆಯ ಕೋಶವನ್ನು ಎಳೆಯಲು ಮಾತ್ರ ಕಾರ್ಖಾನೆಯೇ ಬೇಕು. ಕಾನೂನು ಕಾಗದದ ಮೇಲೆ ಮಾಡಿದ್ದನ್ನು ಲೋಹದ ತೋಟೆ ಸದ್ದಿಲ್ಲದೆ ಮಾಡಿ ಮುಗಿಸಿತು ಎಂಬುದು ನನ್ನ ವಾದ.

ಅಮೆರಿಕದಲ್ಲಿ ಇದೇ ತೋಟೆ ಬೇರೆ ದಾರಿ ಹಿಡಿಯಿತು. ಪಶ್ಚಿಮದ ಬಯಲಲ್ಲಿ ಕಾಡೆಮ್ಮೆ ಬೇಟೆಯವರು ಖಾಲಿ ಕೋಶಗಳನ್ನು ಚೀಲಕ್ಕೆ ತುಂಬಿಕೊಂಡು ರಾತ್ರಿ ಬೆಂಕಿಯ ಪಕ್ಕದಲ್ಲಿ ಕುಳಿತು ಮತ್ತೆ ತುಂಬುತ್ತಿದ್ದರು. 1884ರಲ್ಲಿ ಜಾನ್ ಬಾರ್ಲೋ ಎಂಬಾತ ಕನೆಕ್ಟಿಕಟ್‌ನಲ್ಲಿ ‘ಐಡಿಯಲ್’ ಕಂಪನಿ ಶುರುಮಾಡಿ, ಅಡಕತ್ತರಿಯಂಥ ಒಂದು ಕೈಸಲಕರಣೆಯನ್ನು ಮನೆಮನೆಗೆ ಮಾರಿದ. ಅದರ ಬೆನ್ನಿಗೇ ಕೈಪಿಡಿಗಳು ಬಂದವು. ಕೈಪಿಡಿ ಬೇಕಾದದ್ದಕ್ಕೆ ಗಟ್ಟಿ ಕಾರಣವಿತ್ತು. ಕರಿಮದ್ದನ್ನು ಕೋಶದ ಕಂಠದವರೆಗೆ ತುಂಬಿದರೂ ಕೋವಿ ತಾಳಿಕೊಳ್ಳುತ್ತಿತ್ತು. 1880ರ ದಶಕದಲ್ಲಿ ಬಂದ ಹೊಗೆಯಿಲ್ಲದ ಮದ್ದನ್ನು ಅದೇ ಅಳತೆಯಲ್ಲಿ ಸುರಿದವನ ಕೋವಿ ಅವನ ಮುಖದೆದುರೇ ಒಡೆಯಿತು. ಅಂದಿನಿಂದ ಅಳತೆ ಹೋಗಿ ತೂಕ ಬಂತು. ತೂಕದ ಘಟಕ ‘ಗ್ರೇನ್’, ಸುಮಾರು 65 ಮಿಲಿಗ್ರಾಂ, ನಮ್ಮ ಅಕ್ಕಸಾಲಿಗರ ಗುಲಗಂಜಿಯ ಹೆಚ್ಚುಕಡಿಮೆ ಅರ್ಧ. ಆ ಕೈಪಿಡಿಗಳ ದನಿ ನನಗೆ ಇಷ್ಟ: ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರಲಿ, ಮಾತಾಡುತ್ತ ಕೆಲಸ ಮಾಡಬೇಡ, ಸಂಶಯ ಬಂದರೆ ಸುರಿದು ಮೊದಲಿಂದ ಶುರುಮಾಡು. ಅಡುಗೆ ಕಲಿಸುವ ಅಜ್ಜಿಯ ಮಾತಿನ ಹಾಗಿದೆ.

ಒಂದು ತಮಾಷೆಯೂ ಇದೆ. ಇಂಗ್ಲಿಷಿನವನಾದ ಬಾಕ್ಸರನ ಕೇಪು ಅಮೆರಿಕದಲ್ಲಿ ನೆಲೆಯಾಯಿತು. ಅಮೆರಿಕದ ಹೈರಮ್ ಬರ್ಡನ್ ಮಾಡಿದ ಕೇಪು ಯುರೋಪಿಗೂ ಬ್ರಿಟಿಷ್ ಸೇನೆಗೂ ಹೋಯಿತು. ಬಾಕ್ಸರ್ ಮಾದರಿಯಲ್ಲಿ ಕೋಶದ ಬುಡಕ್ಕೆ ನಟ್ಟನಡುವೆ ಒಂದೇ ತೂತು, ಸತ್ತ ಕೇಪನ್ನು ಒಂದು ಕಡ್ಡಿಯಿಂದ ತಳ್ಳಿದರೆ ಮುಗಿಯಿತು. ಬರ್ಡನ್ ಮಾದರಿಯಲ್ಲಿ ಸಣ್ಣ ತೂತುಗಳು ಎರಡು, ಅವೂ ನಡುವಿನಲ್ಲಿಲ್ಲ. ಕೇಪು ಕೀಳುವುದೇ ದೊಡ್ಡ ಪಾಡು. ಅಮೆರಿಕದಲ್ಲಿ ಈ ಹವ್ಯಾಸ ಬೆಳೆದದ್ದಕ್ಕೆ ಸ್ವಾತಂತ್ರ್ಯದ ಮಾತು ಎಷ್ಟು ಕಾರಣವೋ ಈ ಒಂದು ತೂತೂ ಅಷ್ಟೇ ಕಾರಣ.

ನಮ್ಮಲ್ಲಿ ಖಾಲಿ ಕೋಶದ ಪಾಡು ಏನೆಂದು ಎನ್‌ಸಿಸಿಯಲ್ಲಿ ಇದ್ದವರಿಗೆಲ್ಲ ಗೊತ್ತು. ಪದವಿಯಲ್ಲಿದ್ದಾಗ .22 ರೈಫಲಿನಲ್ಲಿ ಐದೈದು ಗುಂಡು ಹೊಡೆದು ಮುಗಿಸಿದ ಮೇಲೆ ನಾವು ಸಾಲಾಗಿ ಬಗ್ಗಿ ಹುಲ್ಲಿನಲ್ಲಿ ಹಿತ್ತಾಳೆ ಹುಡುಕುತ್ತಿದ್ದೆವು. ಎಷ್ಟು ತೋಟೆ ಕೊಟ್ಟರೋ ಅಷ್ಟು ಖಾಲಿ ಖೋಕಾ ವಾಪಸ್ ಬರಬೇಕು. .22ರ ಕೋಶದ ಅಂಚಿನಲ್ಲೇ ಕೇಪಿನ ಮದ್ದು ಇರುವುದರಿಂದ ಅದನ್ನು ಸಾಮಾನ್ಯವಾಗಿ ಮತ್ತೆ ತುಂಬಲಾಗುವುದೇ ಇಲ್ಲ. ಆದರೂ ಎಣಿಸುತ್ತೇವೆ. ಒಂದೊಂದು ಗುಂಡಿಗೂ ಲೆಕ್ಕ ಬೇಕೆಂಬುದು ಇಂದಿನ ಕಾರಣ. ಈ ಅಭ್ಯಾಸದ ಹಿಂದೆ ವಾಯವ್ಯ ಗಡಿಯ ನೆರಳೂ ಇದೆ ಅನ್ನಿಸುತ್ತದೆ ನನಗೆ. ಅಲ್ಲಿ ಪಠಾಣರು ಬ್ರಿಟಿಷರ ಖಾಲಿ ಕೋಶಗಳನ್ನು ಆಯ್ದು ತುಂಬಿ ಅವರಿಗೇ ತಿರುಗಿಸುತ್ತಿದ್ದರು.

1959ರ ಶಸ್ತ್ರ ಕಾಯ್ದೆಯಲ್ಲಿ ‘ಮದ್ದುಗುಂಡು’ ಎಂಬುದರ ವ್ಯಾಖ್ಯೆ ಓದುವಂತಿದೆ. ತುಂಬಿದ ತೋಟೆ ಮಾತ್ರವಲ್ಲ, ಅದರ ಭಾಗಗಳು, ಅದನ್ನು ತಯಾರಿಸುವ ಯಂತ್ರ, ಸರ್ಕಾರ ಸೂಚಿಸಿದ ಘಟಕವಸ್ತುಗಳು ಎಲ್ಲವೂ ಅದರೊಳಗೆ. ಬಾರ್ಲೋನ ಅಡಕತ್ತರಿಯೂ ಇಲ್ಲಿ ಮದ್ದುಗುಂಡೇ. 5ನೇ ಕಲಮಿನ ಪ್ರಕಾರ ತಯಾರಿಕೆಗೆ ಬೇರೆಯದೇ ಪರವಾನಗಿ ಬೇಕು. ಕೋವಿಯ ಲೈಸೆನ್ಸ್ ಇದ್ದವನು ಮನೆಯಲ್ಲಿ ಕುಳಿತು ತೋಟೆ ತುಂಬುವಂತಿಲ್ಲ. ಆ ವ್ಯಾಖ್ಯೆಯ ಪಟ್ಟಿಯಲ್ಲಿ ಮೊದಲು ಬರುವ ವಸ್ತು ರಾಕೆಟ್. ಬೆಂಗಳೂರಿನಲ್ಲಿ ಓದುವಾಗ ಈ ಪದ ಬೇರೆ ಥರ ಕೇಳಿಸುತ್ತದೆ. ಮಾರ್ಕೆಟ್ಟಿನ ಹತ್ತಿರದ ತಾರಾಮಂಡಲ ಪೇಟೆಯ ಹೆಸರನ್ನು ಟಿಪ್ಪುವಿನ ಕಾಲದ ರಾಕೆಟ್ ತಯಾರಿಕೆಗೆ ಜೋಡಿಸುತ್ತಾರೆ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಹಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು ಸಿಕ್ಕವು. ಒಳಗೆ ಮದ್ದಿನ ಪುಡಿ ಇನ್ನೂ ಇತ್ತು. ಲೋಹದ ಕೊಳವೆಗೆ ಕೈಯಿಂದ ಮದ್ದು ಜಡಿಯುವ ವಿದ್ಯೆ ನಮಗೆ ಹೊಸದಾಗಿರಲಿಲ್ಲ.

ಇನ್ನು ಕೊಡಗು. 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರನ್ನು ನಿಶ್ಶಸ್ತ್ರೀಕರಣದ ಕಾನೂನಿನಿಂದ ಬಿಟ್ಟ; ನಿಷ್ಠೆಗೆ ಕೊಟ್ಟ ಉಡುಗೊರೆ ಅದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಈ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್ ಪೂ ಮುಡಿಸುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಜನಾಂಗದ ಹೆಸರಲ್ಲಿ ಕೊಟ್ಟ ರಿಯಾಯಿತಿ ಇಂದಿಗೆ ಸರಿಯೇ ಎಂದು ಕೇಳುವವರಿದ್ದಾರೆ. ಪಕ್ಕದ ಮಲೆನಾಡಿನ ರೈತ ಪ್ರತಿ ಚುನಾವಣೆಗೂ ತನ್ನ ಕೋವಿಯನ್ನು ಠಾಣೆಗೆ ಹೊತ್ತುಕೊಂಡು ಹೋಗುವುದನ್ನು ನೋಡಿದರೆ ಆ ಪ್ರಶ್ನೆ ನನಗೂ ನ್ಯಾಯವೆನಿಸುತ್ತದೆ. ಹಳೆಯ ಕೈಗಾರಿಕೆಯನ್ನು ನೆನೆದು ಹಲುಬುವುದೂ ನನ್ನಿಂದಾಗದು. ಅಳತೆ ತಪ್ಪಿದ ನಾಡಕೋವಿ ಎಷ್ಟು ಬೆರಳುಗಳನ್ನು, ಕಣ್ಣುಗಳನ್ನು ತೆಗೆದುಕೊಂಡಿದೆ ಎಂದು ಹಳ್ಳಿಯ ಆಸ್ಪತ್ರೆಗಳಿಗೆ ಗೊತ್ತು.

ಆದರೆ ಕೊಡಗಿನ ವಿನಾಯಿತಿಯೂ ಕೋವಿ ಹೊಂದುವುದಕ್ಕೆ, ಹೊತ್ತು ತಿರುಗುವುದಕ್ಕೆ ಮಾತ್ರ, ತಯಾರಿಕೆಗೆ ಅಲ್ಲ. ನೂರರವತ್ತು ವರ್ಷ ನಂಬಿಕೆಗೆ ಪಾತ್ರವಾದ ಮನೆಯೂ ತೋಟೆಯನ್ನು ಅಂಗಡಿಯಿಂದಲೇ ತರಬೇಕು. 12 ಬೋರಿನದಾದರೆ ಅದು ಬಹುಮಟ್ಟಿಗೆ ಖಡಕಿಯಲ್ಲಿ ತಯಾರಾದ ‘ಶಕ್ತಿಮಾನ್’.